ಡಾಕ್ಟರಮ್ಮನ ಕಾರಿನ ಕುಂದು

ನಿವೃತ್ತನಾದ ಮರುದಿನ ಬೆಳಗ್ಗೆ ಎಂಟು ಗಂಟೆಗೇ ನನಗೆ ಸಿಟ್ಟು ಬಂತು. ಪಕ್ಕದ ಮನೆಯ ಪಾಲಾಕ್ಷಪ್ಪ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಇನ್ನೇನು ಗುರುಶಾಂತಪ್ಪ, ಕಾಲು ಚಾಚ್ಕೊಂಡು ಪೇಪರ್ ಓದ್ಕೊಂಡು ಆರಾಮಾಗಿರು" ಅಂದ. ಮೂವತ್ನಾಲ್ಕು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವನು ನಾನು. ಈ ಊರಿನ ಒಂದೊಂದು ತಕ್ಕಡಿಯ ತಟ್ಟೆಯ ಅಡಿಗೂ ಬೆರಳು ಹಾಕಿ ನೋಡಿದ್ದೇನೆ, ಅಂಟಿಸಿಟ್ಟ ಹುಣಸೆಹಣ್ಣು ಕಿತ್ತು ತೆಗೆದಿದ್ದೇನೆ. ಪಾಲಾಕ್ಷಪ್ಪನ ತಮ್ಮನ ಅಂಗಡಿಯ ತಕ್ಕಡಿಯೂ ಅದರಲ್ಲಿ ಸೇರಿತ್ತು. ಅವನು ನನಗೆ ಆರಾಮ ಹಾರೈಸಿದರೆ ಅದರ ಅಡಿಯಲ್ಲೂ ಏನೋ ಅಂಟಿಸಿದ್ದಾನೆ ಅಂತಲೇ ಲೆಕ್ಕ. "ಆರಾಮ ನೀನೇ ಇಟ್ಕೋ" ಅಂದು ಒಳಗೆ ಬಂದು ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಇಳಿಸಿದೆ.

ನನ್ನ ಹೆಂಡತಿ ಕೊಟ್ರಮ್ಮ ಅಡುಗೆಮನೆಯಿಂದ ಬಂದು ಟ್ರಂಕನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಅದರ ಬೀಗ ತೆರೆದದ್ದನ್ನು ಅವಳು ಕಂಡಿರಲಿಲ್ಲ. ಒಳಗೆ ಏನಿದೆ ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತಿದ್ದಂತೆ ಅವಳಿಗೂ ಗೊತ್ತಿತ್ತು. ತಗಡು ಕತ್ತರಿ, ಸಣ್ಣ ಅರಗಳು, ಬೆಸುಗೆಯ ಸಾಮಾನು, ಅಳತೆ ಬರೆದಿಟ್ಟ ಒಂದು ನೋಟ್‌ಬುಕ್ಕು.

"ಕಾರು ಮಾಡ್ತೀರಾ?" ಅಂದಳು.

"ಮಾಡ್ತೀನಿ."

"ಯಾವ ಕಾರು?"

"ಅದೇ ಕಾರು."

"ಅರವತ್ತಕ್ಕೆ ಅರಳು ಮರುಳು ಅನ್ನೋದು ಸುಳ್ಳಲ್ಲ ನೋಡ್ರಿ" ಅಂದು ಒಳಗೆ ಹೋದಳು. ಪಾತ್ರೆಗಳ ಸದ್ದು ಆ ದಿನ ಎಂದಿಗಿಂತ ಜೋರಾಗಿತ್ತು.

ನಮ್ಮೂರಿನಲ್ಲಿ ಚಿಕ್ಕ ಕಾರು, ಚಿಕ್ಕ ಬಸ್ಸು, ಚಿಕ್ಕ ಜೀಪು ಮಾಡುವ ಚಟ ಅಜ್ಜಂದಿರ ಕಾಲದಿಂದ ಇದೆ. ಊರಿನಲ್ಲಿ ಓಡಾಡುವ ಯಾವುದಾದರೂ ಒಂದು ಗಾಡಿಯನ್ನು ಹಿಡಿದು, ಅದನ್ನೇ ಗೇಣುದ್ದಕ್ಕೆ ಇಳಿಸಿ ಮಾಡುವುದು. ಆದರೆ ಪೂರ್ತಿ ಸರಿಯಾಗಿ ಮಾಡಿದರೆ ಅದು ನಿಲ್ಲುವುದಿಲ್ಲ, ಹೊರಟುಹೋಗುತ್ತದೆ. ಹೊಸ್ತಿಲು ದಾಟಿ, ರಸ್ತೆಯ ಎಡಗಡೆ ಹಿಡಿದು, ಪೇಟೆ ಬೀದಿಯಲ್ಲಿ ಹಾದು, ಸೇತುವೆಯ ಆಚೆಗೆ. ಯಾರೂ ಹಿಂದೆ ಓಡುವುದಿಲ್ಲ. ಅಂಗಳ ಗುಡಿಸುವವರು ಪೊರಕೆ ಎತ್ತಿ ದಾರಿ ಬಿಡುತ್ತಾರೆ, ಚೌಕದ ಪೊಲೀಸಿನವನು ಒಂದು ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಇನ್ನೊಂದು ಕೈ ಎತ್ತಿ ಲಾರಿಗಳನ್ನು ನಿಲ್ಲಿಸುತ್ತಾನೆ. ನಮ್ಮ ಸೋದರಮಾವನ ಜೀಪು ಹೀಗೇ ಹೋಯಿತು. ಅತ್ತೆ ಗೇಟಿನಲ್ಲಿ ನಿಂತು ನೋಡಿ, "ಹೋಗ್ಲಿ ಬಿಡಿ, ಚೆನ್ನಾಗಿ ಮಾಡಿದ್ರಿ" ಅಂದಳಂತೆ.

ಹೋಗಬಾರದು ಅಂದರೆ ಒಂದು ಕುಂದು ಇಡಬೇಕು. ಅಸಲಿ ಗಾಡಿಯಲ್ಲಿ ಇರುವ ಏನೋ ಒಂದು ನಕಲಿನಲ್ಲಿ ಇರಬಾರದು. ಕಲಿಯುವವರು ಒಂದು ದೀಪವನ್ನೇ ಬಿಟ್ಟುಬಿಡುತ್ತಾರೆ, ಕೈ ಪಳಗಿದವರು ಬಾಗಿಲಿನ ಹಿಡಿಯನ್ನು ಕೂದಲೆಳೆಯಷ್ಟು ಗಿಡ್ಡ ಮಾಡುತ್ತಾರೆ. ಕುಂದು ಚಿಕ್ಕದಾದಷ್ಟೂ ಮಾಡಿದವನು ದೊಡ್ಡವನು. ಮಾಡಿ ಮುಗಿಸಿದ ಮೇಲೆ ಆ ಕುಂದನ್ನು ಒಬ್ಬರ ಕಿವಿಯಲ್ಲಿ ಹೇಳಬೇಕು, ಅವರು ಸಾಕ್ಷಿ. ಮೂರನೆಯವರಿಗೆ ಅದು ಗೊತ್ತಾಗಬಹುದಾದದ್ದು ಒಂದೇ ಕಡೆ. ಟೌನ್ ಹಾಲಿನಲ್ಲಿ ನಡೆಯುವ ಈ ಗಾಡಿಗಳ ಪ್ರದರ್ಶನದ ದಿನ ತೀರ್ಪುಗಾರರಿಗೆ ಕಣ್ಣಿನಿಂದ ಕುಂದು ಸಿಗದಿದ್ದರೆ ಸಾಕ್ಷಿ ಹೋಗಿ ಅವರ ಕಿವಿಯಲ್ಲಿ ಹೇಳುತ್ತಾನೆ. ಅದು ಬಿಟ್ಟರೆ ಸಾಯುವವರೆಗೂ ಬಾಯಿ ಬಿಡಬಾರದು, ಗಾಡಿ ಮುರಿದುಹೋದರೂ, ಕಳೆದುಹೋದರೂ. ನಮ್ಮವರು ಹೆಣ್ಣು ಕೊಡುವಾಗಲೂ ಸಾಕ್ಷಿ ಆರಿಸುವಷ್ಟು ಯೋಚನೆ ಮಾಡುವುದಿಲ್ಲ.

ನನಗೆ ಸಾಕ್ಷಿಯಾಗಿದ್ದವನು ತಿಪ್ಪೇಶಿ. ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಬಸ್‌ಸ್ಟ್ಯಾಂಡಿನ ಮೆಟ್ಟಿಲ ಕೆಳಗೆ ಅವನ ಅಪ್ಪನ ವಾಚ್ ರಿಪೇರಿ ಅಂಗಡಿ, ಆಮೇಲೆ ಅವನದೇ. ನಿಜ ಹೇಳಬೇಕೆಂದರೆ ಗಾಡಿ ಮಾಡುವುದರಲ್ಲಿ ಅವನ ಕೈ ನನ್ನ ಕೈಗಿಂತ ಮೇಲು. ಈ ಮಾತು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನು ಡಾಕ್ಟರಮ್ಮನ ಕಾರು ಮಾಡಿದೆ. ಬೂದು ಬಣ್ಣದ, ಗುಂಡು ಬೆನ್ನಿನ ಕಾರು. ಅರ್ಧ ಊರು ಹುಟ್ಟುವ ಮುಂಚೆ ಅದರ ಹಾರ್ನ್ ಕೇಳಿಸುತ್ತಾ ಅಂತ ಕಿವಿಗೊಟ್ಟು ಕೂತವರು ನಮ್ಮ ತಾಯಂದಿರು. ಹನ್ನೊಂದು ತಿಂಗಳು ಹಿಡಿಯಿತು. ನಾನು ಇಟ್ಟ ಕುಂದು ಹಿಂದಿನ ನಂಬರ್ ಪ್ಲೇಟಿನದು. ಅಸಲಿ ಕಾರಿನ ಪ್ಲೇಟಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸ್ಕ್ರೂ. ನನ್ನ ಕಾರಿನಲ್ಲಿ ಬಲಗಡೆಯದು ಮಾತ್ರ ಇತ್ತು, ಸಾಸಿವೆಯ ಕಾಲು ಭಾಗವೂ ಇಲ್ಲದ್ದು. ಎಡಗಡೆ ಬರೀ ತೂತು. ಊರಿನಲ್ಲಿ ಅಷ್ಟು ಸಣ್ಣ ಕುಂದು ಯಾರೂ ಇಟ್ಟಿರಲಿಲ್ಲ. ತಿಪ್ಪೇಶಿಯ ಕಿವಿಯಲ್ಲಿ ಹೇಳಿದೆ. ಅವನು ನಕ್ಕು, "ಗುಂಡಿಗೆ ಐತೆ ಕಣೋ ನಿನಗೆ" ಅಂದ.

ಪ್ರದರ್ಶನದ ದಿನ ಟೌನ್ ಹಾಲಿನಲ್ಲಿ ನಾನು ಹೆಸರು ಬರೆಸಿ ಬರುವವರೆಗೆ ಕಾರಿನ ಪೆಟ್ಟಿಗೆ ತಿಪ್ಪೇಶಿಯ ತೊಡೆಯ ಮೇಲಿತ್ತು. ಆಮೇಲೆ ನಾನೇ ಚಿಲಕ ತೆಗೆದು ಕಾರನ್ನು ಮೇಜಿನ ಮೇಲಿಟ್ಟೆ. ತೀರ್ಪುಗಾರರು ಭೂತಗನ್ನಡಿ ಹಿಡಿದು ಬಗ್ಗಿದರು. ಕಾರು ಹೊರಟಿತು. ಮೇಜಿನ ಬಟ್ಟೆಯ ಮೇಲಿಂದ ಇಳಿಯಿತು, ಕುರ್ಚಿಗಳ ಸಾಲಿನ ನಡುವೆ ಹೋಯಿತು, ಜನ ಕಾಲೆತ್ತಿಕೊಂಡರು. ಹನ್ನೊಂದು ತಿಂಗಳ ಕೆಲಸ ನನ್ನ ಕಣ್ಣೆದುರಿಗೇ ಬಾಗಿಲು ದಾಟಿತು. ಹಿಂದಿನಿಂದ ಯಾರೋ, "ಪುಣ್ಯಾತ್ಮ ಕುಂದು ಇಡೋದೇ ಮರೆತವ್ನೆ" ಅಂದರು. ಹಾಲಿಗೆ ಹಾಲೇ ನಕ್ಕಿತು.

ನಾನು ಮರೆತಿರಲಿಲ್ಲ. ಮರೆತಿಲ್ಲವೆಂದರೆ ಯಾರೋ ಆ ತೂತಿಗೆ ಸ್ಕ್ರೂ ಹಾಕಿರಬೇಕು. ಗೊತ್ತಿದ್ದವನು ಒಬ್ಬನೇ, ಪೆಟ್ಟಿಗೆ ಇದ್ದದ್ದು ಅವನ ತೊಡೆಯ ಮೇಲೆ, ಅಷ್ಟು ಸಣ್ಣ ಸ್ಕ್ರೂ ಊರಿನಲ್ಲಿ ಇದ್ದದ್ದು ಅವನ ಅಂಗಡಿಯಲ್ಲಿ. ಎಲ್ಲರೆದುರಿಗೆ ಅವನ ಕೊರಳಪಟ್ಟಿ ಹಿಡಿದು, "ಸರಿ ಮಾಡಿದೀಯಲ್ಲೋ, ಹೊಟ್ಟೆಕಿಚ್ಚಿಗೆ ಸರಿ ಮಾಡಿದೀಯಲ್ಲೋ" ಅಂದೆ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ತಿಪ್ಪೇಶಿ, "ನಾನು ಮುಟ್ಟಿಲ್ಲ ಗುರು" ಅಂದ. ಅಷ್ಟೇ. ಮತ್ತೊಂದು ಮಾತು ಆಡಲಿಲ್ಲ. ನಿರಪರಾಧಿಯಾದವನು ಅರಚಾಡಬೇಕಿತ್ತು, ನನಗೆ ತಿರುಗಿ ಎರಡು ಬಾರಿಸಬೇಕಿತ್ತು ಅಂತ ನಾನು ಆವತ್ತು ಹೇಳಿದೆ, ಮೂವತ್ತಾರು ವರ್ಷ ಅದನ್ನೇ ಹೇಳಿಕೊಂಡು ಬಂದೆ.

ಊರಿನಲ್ಲಿ ಅರ್ಧ ಜನ ನನ್ನನ್ನು ಮರೆಗುಳಿ ಅಂದರು, ಅರ್ಧ ಜನ ಅವನನ್ನು ಸರಿಮಾಡಿದವನು ಅಂದರು. ನಾನು ಟ್ರಂಕಿಗೆ ಬೀಗ ಹಾಕಿ ಪರೀಕ್ಷೆ ಕಟ್ಟಿ ಇನ್‌ಸ್ಪೆಕ್ಟರಾದೆ. ತಿಪ್ಪೇಶಿಯೂ ಗಾಡಿ ಮಾಡುವುದು ಬಿಟ್ಟ. ಅವನನ್ನು ಮತ್ತೆ ಯಾರೂ ಸಾಕ್ಷಿ ಮಾಡಿಕೊಳ್ಳಲಿಲ್ಲ. ಕುಂದಿಗೆ ಮಾತ್ರವಲ್ಲ, ಯಾವುದಕ್ಕೂ. ಮನೆ ಕರಾರಿಗೆ, ಮದುವೆ ರಿಜಿಸ್ಟರಿಗೆ ಅವನ ಸಹಿ ಕೇಳುವವರಿಲ್ಲ. ಅವನ ಸ್ವಂತ ಅಣ್ಣನ ಮಗಳ ಮದುವೆಯಲ್ಲಿ ಕಾಗದವನ್ನು ಅವನನ್ನು ದಾಟಿಸಿ ಪಕ್ಕದವನ ಕೈಗೆ ಕೊಟ್ಟರು. ನಾನು ಆ ಮದುವೆಯಲ್ಲಿದ್ದೆ, ನೋಡಿದೆ. ಆವತ್ತು ನನಗೆ ಊಟ ಚೆನ್ನಾಗಿ ಸೇರಿತು ಅನ್ನುವುದನ್ನೂ ಬರೆದುಬಿಡುತ್ತೇನೆ.

ನನ್ನ ಹಟ ಇಷ್ಟೇ. ಅದೇ ಕಾರು, ಅದೇ ಕುಂದು, ಅದೇ ಟೌನ್ ಹಾಲು, ಅದೇ ಮೇಜು. ಈ ಸಲ ಪೆಟ್ಟಿಗೆ ಯಾರ ಕೈಗೂ ಕೊಡುವುದಿಲ್ಲ. ಕಾರು ಅಲುಗದೆ ನಿಲ್ಲುತ್ತದೆ, ಆಗ ಊರು ಬಾಯಿ ಮುಚ್ಚಿಕೊಂಡು ಒಪ್ಪಬೇಕು, ಗುರುಶಾಂತಪ್ಪ ಮರೆತಿರಲಿಲ್ಲ, ತಿಪ್ಪೇಶಿ ಸರಿ ಮಾಡಿದ್ದ ಅಂತ.

ಕೆಲಸ ಶುರು ಮಾಡಿದರೆ ಕೈ ಕೇಳುವುದಿಲ್ಲ, ಕಣ್ಣು ಕೇಳುವುದಿಲ್ಲ. ಎಣ್ಣೆ ಡಬ್ಬದ ತಗಡು ಈಗ ಹಾಳೆಯಷ್ಟು ತೆಳ್ಳಗೆ ಬರುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಎರಡು ಸಲ ಬೆರಳು ಸುಟ್ಟುಕೊಂಡೆ. ಒಂದು ಬಾಗಿಲನ್ನು ಒಂಬತ್ತು ಸಲ ಮಾಡಿದೆ, ಎಂಟನ್ನು ಗೋಡೆಗೆ ಎಸೆದೆ. ಕೊಟ್ರಮ್ಮ ಅವನ್ನು ಹೆಕ್ಕಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು, "ಕಾಲಿಗೆ ಚುಚ್ಚುತ್ವೆ, ನಿಮ್ಮ ಮೇಲಿನ ಪ್ರೀತಿಗಲ್ಲ" ಅಂತ ಹೇಳಿಯೇ. ಆರನೇ ತಿಂಗಳಿಗೆ ಬೆರಳುಗಳಿಗೆ ಹಳೆಯದು ನೆನಪಾಯಿತು. ಸೈಕಲ್ ಟ್ಯೂಬಿನಿಂದ ಟೈರು ಕೊಯ್ದೆ, ಹಳೆ ಕನ್ನಡಕದ ಗಾಜು ಉಜ್ಜಿ ದೀಪ ಮಾಡಿದೆ. ಆ ಒಂದೆರಡು ವಾರ ಬೈಯುವುದಕ್ಕೆ ಏನೂ ಸಿಗದೆ ನನಗೇ ಒಂಥರಾ ಆಯಿತು.

ಸಾಕ್ಷಿಯ ಹೆಸರು ಕೊಡದೆ ಹಾಲಿನಲ್ಲಿ ಮೇಜು ಕೊಡುವುದಿಲ್ಲ. ಊರಿನಲ್ಲಿ ನಾನು ನಂಬುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಕೊಟ್ರಮ್ಮನ ಕಿವಿಯಲ್ಲೇ ಹೇಳಿದೆ. ಅವಳು ಹುರುಳಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಇಷ್ಟೇನಾ? ಒಂದು ಸ್ಕ್ರೂಗೆ ಮೂವತ್ತಾರು ವರ್ಷಾನಾ?" ಅಂದಳು.

"ನಿನಗೆ ಅರ್ಥ ಆಗಲ್ಲ."

"ನನಗೆ ಬೇಡವೂ ಬೇಡ" ಅಂದು ಮೊರ ಎತ್ತಿಕೊಂಡಳು.

ಪ್ರದರ್ಶನಕ್ಕೆ ಎರಡು ದಿನವಿತ್ತು. ಕೊನೆಯದಾಗಿ ಒಂದು ಸಲ ಅಸಲಿ ಕಾರಿನ ಹಿಂಭಾಗದ ಅಳತೆ ತಾಳೆ ನೋಡೋಣವೆಂದು ಬೆಳಗ್ಗೆಯೇ ಹೋದೆ. ಡಾಕ್ಟರಮ್ಮ ತೀರಿಕೊಂಡು ಎಂಟು ವರ್ಷವಾಗಿದೆ. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಕಾರು ಹಾಗೇ ನಿಂತಿದೆ. ಅವರ ಡ್ರೈವರ್ ಓಬಣ್ಣ ಎಂಬತ್ತು ದಾಟಿದ ಮುದುಕ, ಈಗಲೂ ದಿನಾ ಬೆಳಗ್ಗೆ ಬಂದು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ ಹೋಗುತ್ತಾನೆ. ನಾನು ಮಂಡಿಯೂರಿ ಪ್ಲೇಟಿನ ಹತ್ತಿರ ಟಾರ್ಚ್ ಹಿಡಿದೆ. ಮುಂಚೆ ಅಳತೆಗೆ ಬಂದಾಗೆಲ್ಲ ಪ್ಲೇಟಿನ ಉದ್ದ ಅಗಲ ನೋಡಿದ್ದೆ, ಎರಡು ಸ್ಕ್ರೂ ತಲೆ ಕಾಣುತ್ತಿವೆ ಅಂತ ಸಮಾಧಾನವಾಗಿದ್ದೆ. ಈ ಸಲ ಟಾರ್ಚಿನ ಬೆಳಕಿಗೆ ಒಂದು ಹೊಳೆಯಿತು. ಬಲಗಡೆಯದು ಕಬ್ಬಿಣದ ಚಪ್ಪಟೆ ತಲೆಯ ಸ್ಕ್ರೂ, ಎಡಗಡೆಯದು ಗುಂಡು ತಲೆಯ ಹಿತ್ತಾಳೆಯದು.

ತಪ್ಪು ಕಂಡರೆ ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ. "ಓಬಣ್ಣ, ಯಾರು ಈ ಅಡ್ಡಕಸಬಿ ಕೆಲಸ ಮಾಡಿದ್ದು? ಒಂದು ಕಬ್ಬಿಣ ಒಂದು ಹಿತ್ತಾಳೆ ಹಾಕಿದ್ದಾರೆ" ಅಂದೆ.

"ನಾನೇ ಸಾಮಿ ಹಾಕಿದ್ದು" ಅಂದ ಓಬಣ್ಣ. "ಅಸಲಿದು ನೀವು ಇಸ್ಕೊಂಡು ಹೋದ್ರಲ್ಲ."

"ನಾನಾ? ಯಾವಾಗ?"

"ನಿಮ್ಮ ಕಾರು ಓಡಿಹೋದ ದಿನ. ನೀವು ಪೆಟ್ಟಿಗೆ ಹೊತ್ಕೊಂಡು ಆಸ್ಪತ್ರೆ ಇಳಿಜಾರಿನಾಗೆ ಬಂದ್ರಿ. ಪೆಟ್ಟಿಗೆ ಚಿಲಕದ ಸ್ಕ್ರೂ ಉದುರಿಹೋಗಿತ್ತು. ಹೊತ್ತಾಗ್ತೈತೆ, ಒಂದು ಸ್ಕ್ರೂ ಕೊಡು ಲೇ ಅಂತ ನನ್ನ ಮೇಲೆ ಎಗರಾಡಿದ್ರಿ. ಒಳಗೆ ಹುಡುಕಿ ತರ್ತೀನಿ ತಡೀರಿ ಅಂದ್ರೆ ತಡೀಲಿಲ್ಲ. ನೀವು ಬೈದ ಬೈಗುಳಕ್ಕೆ ಗಾಬರಿಯಾಗಿ ಕೈಗೆ ಸಿಕ್ಕಿದ್ದು ಬಿಚ್ಚಿಕೊಟ್ಟೆ. ಮಾರನೇ ದಿನ ಹಿತ್ತಾಳೇದು ಹುಡುಕಿ ಹಾಕಿದೆ."

ನೆನಪಾಯಿತು. ಬೈದದ್ದು ನೆನಪಾಯಿತು, ಚಿಲಕ ಬಿಗಿಸಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಪೆಟ್ಟಿಗೆಯೊಳಗೆ ಏನೋ ದಡ್ ಎಂದು ತಾಗಿದ್ದೂ ನೆನಪಾಯಿತು. ಇಳಿಜಾರಿಗೆ ಜಾರಿರಬೇಕು ಅಂದುಕೊಂಡಿದ್ದೆ. ಅಸಲಿ ಕಾರಿನ ಎಡಗಡೆಯ ಸ್ಕ್ರೂ ಹೋದ ಗಳಿಗೆಯಲ್ಲೇ ನನ್ನ ಕಾರು ಪೂರ್ತಿ ಸರಿಯಾಗಿಬಿಟ್ಟಿತ್ತು. ನಮ್ಮೂರಿನವರೆಲ್ಲ ನಕಲಿನ ಮೇಲೇ ಕಣ್ಣಿಟ್ಟು ಕೂತವರು, ಅಸಲಿನಲ್ಲಿ ಕುಂದು ಬಂದರೆ ಏನಾಗುತ್ತದೆ ಅಂತ ಒಬ್ಬನಿಗೂ ಹೊಳೆದಿರಲಿಲ್ಲ. "ಮೂವತ್ತಾರು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ?" ಅಂತ ಓಬಣ್ಣನ ಮೇಲೇ ಕೂಗಿದೆ. "ನೀವು ಒಂದು ದಿನಾನಾದ್ರೂ ಕೇಳಿದ್ರಾ ಸಾಮಿ?" ಅಂದ. ಕುಂದು ಏನೆಂದು ಗೊತ್ತಿಲ್ಲದವನು ತಾನಾಗಿ ಏನು ಹೇಳಿಯಾನು? ಆದರೂ ಅವನಿಗೆ ಬೈದೆ, ಶೆಡ್ಡಿನ ಬಾಗಿಲಿಗೆ ಬೈದೆ, ಹಿತ್ತಾಳೆಗೆ ಬೈದೆ.

ಮನೆಗೆ ಬಂದು ಹೇಳಿದಾಗ ಕೊಟ್ರಮ್ಮ ಕೂಗಾಡಲಿಲ್ಲ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ?" ಅಂದಳು. "ಮೊದಲು ಅವರ ಹತ್ರ ಹೋಗಿ. ಕಾಲಿಗೆ ಬೀಳಬೇಕಾದ್ರೆ ಬೀಳಿ."

ತಿಪ್ಪೇಶಿಯ ಅಂಗಡಿಯ ಮುಂದೆ ನಾನು ಮೂವತ್ತಾರು ವರ್ಷ ನಿಂತಿರಲಿಲ್ಲ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಯಾವುದೋ ಹೆಂಗಸರ ವಾಚಿನ ಮೇಲೆ ಬಗ್ಗಿದ್ದ. ತಲೆಯಲ್ಲಿ ಒಂದು ಕರಿ ಕೂದಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ವಾಚಿನ ಮೇಲೆ ಬಗ್ಗಿದ.

"ಆ ಸ್ಕ್ರೂ ಬಿಚ್ಚಿದ್ದು ಓಬಣ್ಣ" ಅಂದೆ. "ನಾನೇ ಬಿಚ್ಚಿಸಿದ್ದು."

"ಹೂಂ" ಅಂದ.

"ನಿನಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು. ಪೆಟ್ಟಿಗೆ ತೊಡೆ ಮೇಲಿತ್ತಲ್ಲ, ಒಳಗಿಂದ ಗುದ್ತಾ ಇತ್ತು. ನಿನಗೆ ಹೇಳಾಣ ಅಂತ ನೋಡಿದೆ, ನೀನು ಹೆಸರು ಬರೆಯೋನ ಹತ್ರ ಜಗಳ ಆಡ್ತಾ ಇದ್ದೆ. ಸಂಜೆ ಮನಿಗೆ ಹೋಗುವಾಗ ಡಾಕ್ಟರಮ್ಮನ ಕಾರು ನೋಡಿದೆ. ಎಡಗಡೆ ತೂತು ಖಾಲಿ ಇತ್ತು."

"ಮತ್ತೆ ಯಾಕೋ ಹೇಳಲಿಲ್ಲ?"

"ನಿಮ್ಮ ಮನೆ ಬಾಗಿಲಿಗೆ ಮೂರು ಸಲ ಬಂದೆ. ಮೂರು ಸಲಾನೂ ನೀನು ಮುಖದ ಮೇಲೆ ಬಾಗಿಲು ಹಾಕಿದೆ."

"ಊರಿಗೆ ಹೇಳಬಹುದಿತ್ತಲ್ಲೋ."

ಅವನು ಕಣ್ಣಿನ ಗಾಜು ತೆಗೆದ. "ಊರಿಗೆ ಹೇಳಬೇಕಂದ್ರೆ ಕುಂದು ಏನಿತ್ತು ಅಂತ ಹೇಳಬೇಕಾಗಿತ್ತು. ನಾನು ಸಾಕ್ಷಿ ಅಲ್ವೇನೋ?"

ನನಗೆ ಮೈಯೆಲ್ಲ ಬೆಂಕಿಯಾಯಿತು. ಗುಟ್ಟು ಮುರಿದ ಅಂತ ನಾನು ಯಾರ ಮುಖಕ್ಕೆ ಊರಿನಿಂದ ಉಗಿಸಿದ್ದೆನೋ ಅವನು ಆ ಗುಟ್ಟನ್ನು ತನ್ನನ್ನು ಉಳಿಸಿಕೊಳ್ಳುವುದಕ್ಕೂ ಬಿಟ್ಟುಕೊಟ್ಟಿರಲಿಲ್ಲ. ಅವನು ನನಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಇಷ್ಟು ಸರಿಯಾಗಿದ್ದದ್ದು ನನ್ನಿಂದ ತಡೆಯಲಾಗಲಿಲ್ಲ. "ನಾಡಿದ್ದು ಹಾಲಿನಲ್ಲಿ ಎಲ್ಲರೆದುರಿಗೆ ನಾನೇ ಹೇಳ್ತೀನಿ, ನಿನ್ನ ಮೇಲಿನ ಕಳಂಕ ತೊಳೆದುಹಾಕ್ತೀನಿ" ಅಂದೆ.

"ಬೇಡ."

"ಬೇಡ ಅಂದ್ರೆ?"

"ನನ್ನ ಹತ್ರ ಬಂದು ಹೇಳಿದೆ, ಸಾಕು. ಕುಂದು ಮಾತ್ರ ಹೇಳಬೇಡ ಗುರು."

ಮೂವತ್ತಾರು ವರ್ಷದ ಮೇಲೆ ಅವನ ಬಾಯಲ್ಲಿ ಗುರು ಅನ್ನಿಸಿಕೊಂಡು ನಾನು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಸಂಕೋಚಕ್ಕೆ ಅನ್ನುತ್ತಿದ್ದಾನೆ ಅಂದುಕೊಂಡೆ. ಮನೆಯಲ್ಲಿ ಕೊಟ್ರಮ್ಮನೂ, "ಅವರು ಬೇಡ ಅಂದ ಮೇಲೆ ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಅಂದಳು. ನೀನು ಸುಮ್ಮನಿರು, ನನ್ನ ತಪ್ಪು ತಿದ್ದಿಕೊಳ್ಳುವುದು ನನಗೆ ಗೊತ್ತು ಅಂದೆ.

ಪ್ರದರ್ಶನದ ದಿನ ಟೌನ್ ಹಾಲು ತುಂಬಿತ್ತು. ಮರೆಗುಳಿ ಮತ್ತೆ ಕಾರು ತಂದಿದ್ದಾನೆ ಅಂತ ಪಾಲಾಕ್ಷಪ್ಪ ಬೀದಿಗೆಲ್ಲ ಸಾರಿದ್ದ, ಮುಂದಿನ ಸಾಲಿನಲ್ಲಿ ಕೂತಿದ್ದ. ತಿಪ್ಪೇಶಿ ಬಾಗಿಲ ಹತ್ತಿರ ನಿಂತಿದ್ದ. ಕಾರನ್ನು ಮೇಜಿನ ಮೇಲಿಟ್ಟೆ. ಅಲುಗಲಿಲ್ಲ. ಈ ಸಲದ ತೀರ್ಪುಗಾರರು ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ವನಮಾಲಾ. ಕಾಲು ಗಂಟೆ ಭೂತಗನ್ನಡಿ ಹಿಡಿದು ಸುತ್ತಿದರು, ಕುಂದು ಸಿಗಲಿಲ್ಲ. "ಇಷ್ಟು ಸಣ್ಣದನ್ನ ನಾನು ನೋಡಿಲ್ಲ. ಸಾಕ್ಷಿ ಯಾರು? ಬನ್ನಿ" ಅಂದರು. ಕೊಟ್ರಮ್ಮ ಎದ್ದಳು. ನಾನು ಅವಳಿಗೆ ಕೂತುಕೋ ಎಂದು ಕೈ ಮಾಡಿ ಕುರ್ಚಿಯ ಮೇಲೆ ಹತ್ತಿ ನಿಂತೆ.

ಎಲ್ಲವನ್ನೂ ಹೇಳಿದೆ. ನಂಬರ್ ಪ್ಲೇಟು, ಎಡಗಡೆಯ ಸ್ಕ್ರೂ, ಓಬಣ್ಣ, ಇಳಿಜಾರು, ನನ್ನ ಬೈಗುಳ. ಕುಂದಿನ ಹೆಸರು ಬಾಯಿಂದ ಬಂದ ಕೂಡಲೇ ವನಮಾಲಾ ಟೀಚರ್ ಭೂತಗನ್ನಡಿಯನ್ನು ಮಗುಚಿಟ್ಟರು. ಹಿರಿಯ ಹೆಂಗಸರು ಕಿವಿ ಮುಚ್ಚಿಕೊಂಡರು. ನಾನು ನಿಲ್ಲಿಸಲಿಲ್ಲ, ಇನ್ನೂ ಗಟ್ಟಿಯಾಗಿ ಹೇಳಿದೆ. "ಇವನು ಸರಿ ಮಾಡಿದವನಲ್ಲ. ಮೂವತ್ತಾರು ವರ್ಷ ಅವನಿಗೆ ನೀವು ಮಾಡಿದ್ದಕ್ಕೆ ನಿಮಗೆ ನಾಚಿಕೆಯಾಗಬೇಕು" ಅಂತ ಊರಿಗೇ ಬೈದೆ. ನನಗೆ ಎದೆ ಹಗುರಾಗಿತ್ತು. ಜನ ಒಬ್ಬೊಬ್ಬರಾಗಿ ಬಾಗಿಲ ಕಡೆ ತಿರುಗಿದರು, ಯಾರೋ ಚಪ್ಪಾಳೆ ಶುರು ಮಾಡಿದರು, ಮುದುಕರೊಬ್ಬರು ಎದ್ದು ತಿಪ್ಪೇಶಿಯ ಕೈ ಹಿಡಿದುಕೊಂಡರು.

ಅವನು ಕೈ ಬಿಡಿಸಿಕೊಂಡು ಸಾಲುಗಳ ನಡುವೆ ನಡೆದು ನನ್ನ ಕುರ್ಚಿಯವರೆಗೂ ಬಂದ. ನಾನು ಕೆಳಗಿಳಿದೆ. ಅಪ್ಪಿಕೊಳ್ಳುತ್ತಾನೆ ಅಂದುಕೊಂಡು ಕೈ ಕೂಡ ಚಾಚಿದೆ.

"ಹೇಳಬೇಡ ಅಂದಿದ್ದೆ" ಅಂದ. ದನಿ ಎತ್ತಲಿಲ್ಲ. "ಗಾಡಿ ಮಾಡೋದು ಬಿಟ್ಟೆ. ಮರ್ಯಾದೆ ಬಿಟ್ಟೆ. ಇದೊಂದನ್ನ ಬಿಟ್ಟಿರಲಿಲ್ಲ. ನನ್ನ ಹತ್ರ ಇದ್ದಿದ್ದೇ ಇದೊಂದು ಕಣೋ. ಇಷ್ಟು ವರ್ಷ ಇಟ್ಕೊಂಡು ಬಂದಿದ್ದನ್ನ ಒಂದು ನಿಮಿಷಕ್ಕೆ ಪಾಲಾಕ್ಷಪ್ಪಗೂ ಕೊಟ್ಟುಬಿಟ್ಟೆಯಲ್ಲೋ."

ಅವನು ಅಲ್ಲಿ ನಿಲ್ಲಲಿಲ್ಲ. ಚಪ್ಪಾಳೆ ಹೊಡೆಯುತ್ತಿದ್ದವರ ನಡುವೆಯೇ ಹೊರಗೆ ಹೋದ, ಕಾಲು ತಗಲದಂತೆ ಜನ ಅವನಿಗೆ ದಾರಿ ಬಿಟ್ಟರು. ಕೊಟ್ರಮ್ಮ ಕಾರನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ ನನ್ನ ಕೈಗೆ ಕೊಡದೆ ತಾನೇ ಎತ್ತಿಕೊಂಡಳು. ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಈ ಸಲ ಹುಡುಕುವ ಕೆಲಸವಿರಲಿಲ್ಲ.